ಇಪ್ಪತ್ಮೂರು ತಾರೀಕು, ಒಂದು ಡಬ್ಬಿ ಹಪ್ಪಳ

ಪ್ರಿಯ ಲೇಖಕಿಗೆ, ಶಿರಸಿಯಿಂದ ನಮಸ್ಕಾರ.

ಅಂಕೋಲೆಯಿಂದ ನೀವು ಕಳಿಸಿದ ಬಾಹ್ಯಾಕಾಶ ಸಾಧನೆಗಳ ವಾರ್ಷಿಕ ದಿನಗಳ ಲೇಖನವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗ ಇರುವ ಹಾಗೆ ಇದನ್ನು ನಮ್ಮ ಮಾಸಿಕದಲ್ಲಿ ಹಾಕಲು ಆಗುವುದಿಲ್ಲ. ಆದರೆ ಕೊನೆಯ ಪುಟದ ಹನ್ನೊಂದು ಸಾಲು ನನಗೆ ಬೇಕೇ ಬೇಕು. ಅದಕ್ಕಾಗಿಯೇ ಇಷ್ಟುದ್ದದ ಪತ್ರ.

1957ರ ಅಕ್ಟೋಬರ್ 4ರ ಸ್ಪುಟ್ನಿಕ್‌ನಿಂದ 2023ರ ಆಗಸ್ಟ್ 23ರ ಚಂದ್ರಯಾನ-3ರವರೆಗೆ ಒಟ್ಟು ಇಪ್ಪತ್ಮೂರು ತಾರೀಕು ಕೊಟ್ಟಿದ್ದೀರಿ. ಒಂದೊಂದಕ್ಕೂ ಮೂರು ಸಾಲು. ‘ಮನುಕುಲದ ಮಹತ್ತರ ಮೈಲಿಗಲ್ಲು’ ಎಂಬ ಮಾತು ಏಳು ಸಲ ಬಂದಿದೆ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಾಳೆ ತಿರುವಿದ ಹಾಗಾಯಿತು. ತಾರೀಕು ಅಂದರೆ ಗೂಟ ಮಾತ್ರ. ಅದಕ್ಕೆ ಕಟ್ಟಿದ ದನ ಎಲ್ಲಿದೆ ಅಂತ ಹುಡುಕುತ್ತಾ ಹೋದೆ.

ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಗಗಾರಿನ್ 1961ರ ಏಪ್ರಿಲ್ 12ರಂದು ಭೂಮಿಯನ್ನು ಸುತ್ತಿ ‘ನೌಕೆಯಲ್ಲಿ ಸುರಕ್ಷಿತವಾಗಿ ಇಳಿದರು’ ಎಂದು ಬರೆದಿದ್ದೀರಿ. ನೌಕೆಯಲ್ಲಿ ಇಳಿಯಲಿಲ್ಲ. ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಅದರಿಂದ ಹೊರಬಿದ್ದು, ಪ್ಯಾರಾಚೂಟಿನಲ್ಲಿ ಬೇರೆಯಾಗಿ ಇಳಿದರು. ದಾಖಲೆ ಒಪ್ಪಬೇಕಾದರೆ ಪೈಲಟ್ ನೌಕೆಯೊಳಗೇ ಕೂತು ಇಳಿಯಬೇಕು ಎಂಬ ನಿಯಮ ಆಗ ಇತ್ತು. ಹಾಗಾಗಿ ಸೋವಿಯತ್‌ನವರು ಈ ವಿಷಯವನ್ನು ವರ್ಷಗಟ್ಟಲೆ ಮುಚ್ಚಿಟ್ಟರು. ಸರಾಟೊವ್ ಸೀಮೆಯಲ್ಲಿ ಅವರು ಇಳಿದ ಜಾಗದ ಹತ್ತಿರ ಒಬ್ಬ ಹೆಂಗಸು ಮೊಮ್ಮಗಳ ಜೊತೆ ಆಲೂಗಡ್ಡೆ ನೆಡುತ್ತಿದ್ದಳು. ಕಿತ್ತಳೆ ಬಣ್ಣದ ಉಡುಪು, ಬಿಳಿ ಹೆಲ್ಮೆಟ್ಟು ತೊಟ್ಟು ಬರುತ್ತಿದ್ದವನನ್ನು ಕಂಡು ಇಬ್ಬರೂ ಹೆದರಿದರು. 108 ನಿಮಿಷದ ಆ ಪ್ರಯಾಣದಿಂದ ಬಂದವನನ್ನು ಮೊದಮೊದಲು ಕಂಡದ್ದು ಮಣ್ಣು ಮೆತ್ತಿದ ಕೈಯ ಒಬ್ಬ ಅಜ್ಜಿ, ಒಂದು ಮಗು. ಇದರ ಮುಂದೆ ‘ಮಹತ್ತರ’ ಎಂಬ ಪದಕ್ಕೆ ಏನು ಕೆಲಸ ಹೇಳಿ?

ಮತ್ತೆ ಮತ್ತೆ ಹಾರಬಲ್ಲ ಅಮೆರಿಕದ ನೌಕೆ ಸ್ಪೇಸ್ ಶಟ್ಲ್ ಮೊದಲು ಹಾರಿದ್ದು 1981ರ ಏಪ್ರಿಲ್ 12ಕ್ಕೆ, ಗಗಾರಿನ್ ಹಾರಿ ಸರಿಯಾಗಿ ಇಪ್ಪತ್ತು ವರ್ಷಕ್ಕೆ. ‘ಬೇಕೆಂದೇ ಆ ದಿನವನ್ನು ಆರಿಸಿದರು’ ಎಂದಿದ್ದೀರಿ. ಹಾಗಲ್ಲ. 10ಕ್ಕೇ ಹಾರಬೇಕಿತ್ತು. ಕಂಪ್ಯೂಟರುಗಳ ತೊಡಕಿನಿಂದ ಎರಡು ದಿನ ಮುಂದೆ ಹೋಯಿತು. ತಾರೀಕುಗಳು ಹೊಂದಿಕೊಂಡದ್ದು ಕಂಡರೆ ಕಥೆ ಕಟ್ಟುವ ಆಸೆ ಯಾರಿಗಾದರೂ ಆಗುತ್ತದೆ, ನನಗೂ ಆಗುತ್ತದೆ. ಒಮ್ಮೆ ಪರೀಕ್ಷೆ ಮಾಡಿ ಬರೆಯಿರಿ.

ಇನ್ನು ಅಪೊಲೊ-11. ‘1969ರ ಜುಲೈ 20ರ ರಾತ್ರಿ ನಮ್ಮೂರೂ ಟಿವಿ ಮುಂದೆ ಕೂತಿತ್ತು.’ ಈ ಸಾಲನ್ನು ನೀವು ಎಲ್ಲಿಂದಲೋ ತಂದಿದ್ದೀರಿ, ನಿಮ್ಮೂರಿನಿಂದಲ್ಲ. ಆಗ ಭಾರತದಲ್ಲಿ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ನೌಕೆ ಚಂದ್ರನ ಮೇಲೆ ಇಳಿದಾಗ ನಮ್ಮ ಗಡಿಯಾರದಲ್ಲಿ 21ನೇ ತಾರೀಕು ಬೆಳಗಿನ ಜಾವ 1 ಗಂಟೆ 47 ನಿಮಿಷ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗ ಸೋಮವಾರ ಬೆಳಿಗ್ಗೆ 8 ಗಂಟೆ 26 ನಿಮಿಷ. ಮಕ್ಕಳು ಪಾಟಿಚೀಲ ಹಿಡಿದು ಶಾಲೆಗೆ ಹೊರಡುವ ಹೊತ್ತು. ತಾರೀಕು ಬರೆಯುವಾಗ ಯಾರ ಗಡಿಯಾರ ನೋಡಿ ಬರೆಯುತ್ತಿದ್ದೇವೆ ಅಂತ ಒಮ್ಮೆ ಕೇಳಿಕೊಳ್ಳಬೇಕು, ಅಲ್ವಾ? ಅಂಕೋಲೆಯ ಓದುಗನಿಗೆ ಅದು ಸೋಮವಾರದ ಬೆಳಗು.

1975ರ ಏಪ್ರಿಲ್ 19ರಂದು ಆರ್ಯಭಟ ಹಾರಿದ್ದು ಶ್ರೀಹರಿಕೋಟಾದಿಂದ ಅಲ್ಲ, ಸೋವಿಯತ್ ನಾಡಿನ ಕಪುಸ್ತಿನ್ ಯಾರ್‌ನಿಂದ. ಉಪಗ್ರಹ ತಯಾರಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಮುಂದೆ ನಿಂತು ಮಾಡಿಸಿದ ಯು. ಆರ್. ರಾವ್ ಪಕ್ಕದ ಉಡುಪಿ ಜಿಲ್ಲೆಯ ಅದಮಾರಿನವರು. ವಿದ್ಯುತ್ತಿನ ತೊಂದರೆಯಿಂದ ಅದರ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದವು. ಇದನ್ನು ನೀವು ಬಿಟ್ಟಿದ್ದೀರಿ. 1980ರ ಜುಲೈ 18ಕ್ಕೆ ನಮ್ಮ ಎಸ್‌ಎಲ್‌ವಿ-3 ರಾಕೆಟ್ ಗೆದ್ದದ್ದನ್ನು ಹೇಳಿದ್ದೀರಿ, ಹಿಂದಿನ ವರ್ಷ ಆಗಸ್ಟ್ 10ಕ್ಕೆ ಅದೇ ರಾಕೆಟ್ ಸಮುದ್ರಕ್ಕೆ ಬಿದ್ದದ್ದನ್ನು ಹೇಳಿಲ್ಲ. ಬಿದ್ದ ದಿನ ಗೊತ್ತಿಲ್ಲದವನಿಗೆ ಎದ್ದ ದಿನದ ಬೆಲೆ ಹೇಗೆ ತಿಳಿಯಬೇಕು?

ಈಗ ನಿಮ್ಮ ಹನ್ನೊಂದು ಸಾಲಿಗೆ ಬರುತ್ತೇನೆ.

1979ರ ಮಳೆಗಾಲ. ‘ಸ್ಕೈಲ್ಯಾಬ್ ಬೀಳ್ತದಂತೆ’ ಅಂತ, ಅಮೆರಿಕದ ಬಾಹ್ಯಾಕಾಶ ನಿಲ್ದಾಣದ ಬಗ್ಗೆ ಊರೆಲ್ಲ ಸುದ್ದಿ. ನಿಮ್ಮ ಅಜ್ಜಿ ಚೌತಿಗೆಂದು ಎತ್ತಿಟ್ಟಿದ್ದ ಹಲಸಿನ ಹಪ್ಪಳದ ಡಬ್ಬಿಯನ್ನು ಅಟ್ಟದಿಂದ ಇಳಿಸಿ, ಇದ್ದಷ್ಟನ್ನೂ ಒಂದೇ ರಾತ್ರಿ ಕರಿದು ಮಕ್ಕಳಿಗೆ ಹಾಕಿದರು. ನಾಲ್ಕು ವರ್ಷದ ನಿಮ್ಮ ಅಪ್ಪನಿಗೆ ಮನೆಯೊಳಗೇ ಕಂಬಳಿ ಕೊಪ್ಪೆ ಹಾಕಿ ಕೂರಿಸಿದರು, ಮೇಲಿಂದ ಏನಾದರೂ ಬಿದ್ದರೆ ತಲೆಗೆ ಪೆಟ್ಟಾಗಬಾರದು ಅಂತ.

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನಾಗ ಏಳನೇ ಇಯತ್ತೆ. ಅಪ್ಪಯ್ಯ ರೇಡಿಯೋಕ್ಕೆ ಕಿವಿ ಹಚ್ಚಿ ಕೂತಿದ್ದ. ಆಯಿ ನಮ್ಮನ್ನೆಲ್ಲ ಒಂದೇ ಕೋಣೆಯಲ್ಲಿ ಮಲಗಿಸಿದ್ದಳು. ಆ ರಾತ್ರಿಯನ್ನು ಮರೆತೇಬಿಟ್ಟಿದ್ದೆ, ನಿಮ್ಮ ಅಜ್ಜಿಯ ಕೊಪ್ಪೆ ನೆನಪು ಮಾಡಿತು.

ಇದೇ ನಿಮ್ಮ ಲೇಖನ. ಉಳಿದದ್ದನ್ನು ಇದರ ಸುತ್ತ ಎಷ್ಟು ಬೇಕೋ ಅಷ್ಟೇ ತನ್ನಿ. ಸ್ಕೈಲ್ಯಾಬ್ ಅಮೆರಿಕದ ಮೊದಲ ಬಾಹ್ಯಾಕಾಶ ನಿಲ್ದಾಣ, 1973ರ ಮೇ 14ಕ್ಕೆ ಮೇಲೆ ಹೋದದ್ದು, ತೂಕ ಸುಮಾರು 77 ಟನ್. ಮೂರು ತಂಡಗಳು ಅಲ್ಲಿ ಇದ್ದು ಬಂದವು, ಕೊನೆಯ ತಂಡ 84 ದಿನ. ಆಮೇಲೆ ಅದು ಖಾಲಿ ಮನೆ. ಸೂರ್ಯನ ಆರ್ಭಟ ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿಯಾಯಿತು, ಮೇಲಿನ ಗಾಳಿ ಕಾದು ಉಬ್ಬಿತು, ಅದಕ್ಕೆ ಉಜ್ಜಿ ಉಜ್ಜಿ ನಿಲ್ದಾಣ ಕೆಳಗೆ ಜಾರತೊಡಗಿತು. ಶಟ್ಲ್ ಹೋಗಿ ಅದನ್ನು ಮೇಲಕ್ಕೆ ತಳ್ಳಬೇಕು ಎಂಬ ಯೋಜನೆಯಿತ್ತು. ಶಟ್ಲ್ ತಯಾರಾಗಿರಲಿಲ್ಲ. ನೋಡಿ, ನಿಮ್ಮ ಪಟ್ಟಿಯ 1981ರ ಏಪ್ರಿಲ್ 12 ಈಗ ಅಜ್ಜಿಯ ಅಡುಗೆಮನೆಗೆ ಬಂತು. ಅದು ಎರಡು ಮೂರು ವರ್ಷ ಮೊದಲೇ ಹಾರಿದ್ದರೆ ಹಪ್ಪಳ ಚೌತಿಗೆ ಉಳಿಯುತ್ತಿತ್ತೇನೋ.

ಬಿದ್ದದ್ದು 1979ರ ಜುಲೈ 11, ಬುಧವಾರ, ನಮ್ಮ ರಾತ್ರಿ ಹತ್ತು ಗಂಟೆಯ ಸುಮಾರಿಗೆ. ಬಹುಪಾಲು ಹಿಂದೂ ಮಹಾಸಾಗರಕ್ಕೆ, ಕೆಲವು ಚೂರು ಆಸ್ಟ್ರೇಲಿಯಾದ ಪಶ್ಚಿಮದ ಎಸ್ಪರನ್ಸ್ ಎಂಬ ಊರಿನ ಆಸುಪಾಸಿಗೆ. ಅಲ್ಲಿನ ಸ್ಥಳೀಯ ಆಡಳಿತ ಕಸ ಹಾಕಿದ್ದಕ್ಕೆ ನಾಸಾಗೆ 400 ಡಾಲರ್ ದಂಡದ ಚೀಟಿ ಕೊಟ್ಟಿತು. 17 ವರ್ಷದ ಒಬ್ಬ ಹುಡುಗ ತನ್ನ ಮನೆಯಲ್ಲಿ ಸಿಕ್ಕ ಚೂರುಗಳನ್ನು ಸ್ಯಾನ್ ಫ್ರಾನ್ಸಿಸ್ಕೊದ ಪತ್ರಿಕೆಗೆ ಒಯ್ದು 10,000 ಡಾಲರ್ ಬಹುಮಾನ ಪಡೆದ. ಕಡಲಿನ ಆಚೆ ದಡದಲ್ಲಿ ಆ ಹುಡುಗ, ಈಚೆ ದಡದಲ್ಲಿ ಕೊಪ್ಪೆ ಹೊದ್ದ ನಿಮ್ಮ ಅಪ್ಪ. ಇಬ್ಬರನ್ನೂ ಒಂದೇ ಪುಟದಲ್ಲಿ ಕೂರಿಸಿ.

ಒಂದು ವಿಷಯ ಮಾತ್ರ ನೆನಪಿರಲಿ. ಅಜ್ಜಿ ಹೆದರಿದ್ದನ್ನು ‘ಅಂದಿನವರ ಅಜ್ಞಾನ’ ಎಂದು ಬರೆದಿದ್ದೀರಿ. ದಯವಿಟ್ಟು ಅದನ್ನು ತೆಗೆಯಿರಿ. ಎಲ್ಲಿ ಬೀಳುತ್ತದೆ ಎಂದು ಕೊನೆಯವರೆಗೆ ನಾಸಾದವರಿಗೂ ಸರಿಯಾಗಿ ಹೇಳಲಾಗಲಿಲ್ಲ. ಅಜ್ಜಿ ತನ್ನ ಕೈಲಿದ್ದದ್ದರಿಂದ ಮಗನ ತಲೆ ಕಾಯ್ದರು.

ಕಾರವಾರದ ಬೈತಖೋಲಿನ ನಿಮ್ಮ ಮಾವನ ಬೋಟು ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಅದನ್ನು ಇಲ್ಲಿಂದ ತೆಗೆದು ಬೇರೆ ಇಡಿ. 1999ರ ಮೇ 26ರಂದು ಹಾರಿದ ಓಷನ್‌ಸ್ಯಾಟ್-1 ಸಮುದ್ರದ ಬಣ್ಣ ನೋಡುತ್ತಿದ್ದ ಉಪಗ್ರಹ. ನೀರಿನ ಬಣ್ಣ ಮತ್ತು ಬಿಸಿ ನೋಡಿ ಮೀನು ಎಲ್ಲಿ ಸೇರಬಹುದು ಎಂದು ಮೀನುಗಾರರಿಗೆ ತಿಳಿಸುವ ಕ್ರಮವಿದೆ. ಮಾವ ಅದನ್ನು ನಂಬಿ ಬೋಟು ತಿರುಗಿಸುತ್ತಾರೋ, ತಮ್ಮ ಕಣ್ಣನ್ನೇ ನಂಬುತ್ತಾರೋ ಕೇಳಿ. ಅದು ಇನ್ನೊಂದು ಲೇಖನ.

ಜುಲೈ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಜೂನ್ 10ರೊಳಗೆ ಕಳಿಸಿ. ಅದಕ್ಕೂ ಮೊದಲು ಅಜ್ಜಿಯ ಹತ್ತಿರ ಹೋಗಿ ಕೂತುಕೊಳ್ಳಿ, ಫೋನಿನಲ್ಲಿ ಬೇಡ. ಸುದ್ದಿಯನ್ನು ಅವರಿಗೆ ಯಾರು ಹೇಳಿದರು? ಮಕ್ಕಳು ಮಲಗಿದ ಮೇಲೆ ಅವರೇನು ಮಾಡಿದರು? ಗುರುವಾರ ಬೆಳಿಗ್ಗೆ ಎದ್ದು ಮೊದಲು ಏನು ನೋಡಿದರು? ಡಬ್ಬಿ ಈಗಲೂ ಮನೆಯಲ್ಲಿದೆ ಎಂದು ಬರೆದಿದ್ದೀರಿ. ಅದರದ್ದೊಂದು ಫೋಟೋ ತೆಗೆದು ಲೇಖನದ ಜೊತೆ ಕಳಿಸಿ. ತೊಳೆದು ಹೊಳಪು ಮಾಡಬೇಡಿ, ಇದ್ದ ಹಾಗೇ ಇರಲಿ.