ಕಾಯ್ದೆ ಬದಲಾಗೋ ಹೊತ್ತಲ್ಲಿ ಲೆಕ್ಕ ಕೇಳೋರು ಯಾರು?

ಬೆಂಗಳೂರಿನ ಪೂರ್ವ ಭಾಗದಿಂದ ನಿವೃತ್ತ ಮೇಷ್ಟ್ರೊಬ್ಬರು ಉದ್ದನೆ ಪತ್ರ ಬರೆದಿದ್ದಾರೆ. ಪೂರ್ತಿ ಹಾಕೋಕೆ ಜಾಗ ಇಲ್ಲ, ಸಾರಾಂಶ ಇಷ್ಟು: "ಬಿಬಿಎಂಪಿ ಕಾಯ್ದೆ ಹೋಯ್ತು, ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂತು. ನಾನು ಮುಂಚೆ ಚರಂಡಿ ಕಾಮಗಾರಿ ಬಗ್ಗೆ ಕೊಟ್ಟಿದ್ದ ಅರ್ಜಿ ಏನಾಯ್ತು ಅಂತ ಒಂದು ಆಫೀಸಲ್ಲಿ ಕೇಳಿದ್ರೆ, ಅದು ಹಳೇ ಕಾಯ್ದೆ ಕಾಲದ್ದು ಅಂದ್ಬಿಟ್ರು. ಕಾಯ್ದೆ ಜೊತೆ ಹೊಣೆನೂ ರದ್ದಾಗುತ್ತಾ? ಇರೋ ಕಾಯ್ದೆನೇ ನೆಟ್ಟಗೆ ಜಾರಿ ಮಾಡದೋರು ಪ್ರತಿಸಲ ಹೊಸದೊಂದು ಯಾಕೆ ತರ್ತಾರೆ?"

ಮೇಷ್ಟ್ರೇ, ನಮಸ್ಕಾರ.

ಮೊದಲನೇ ಪ್ರಶ್ನೆಗೆ ಉತ್ತರ ನೇರವಾಗಿ ಹೇಳ್ಬಿಡ್ತೀನಿ: ಇಲ್ಲ, ರದ್ದಾಗಲ್ಲ. ನಿಮಗೆ ಆಫೀಸಲ್ಲಿ ಹೇಳಿದ್ದು ತಪ್ಪು. ಒಂದು ಕಾಯ್ದೆನ ತೆಗೆದು ಇನ್ನೊಂದು ತರುವಾಗ ಹೊಸ ಕಾಯ್ದೆಯ ಕೊನೇ ಕಡೆ "ನಿರಸನ ಮತ್ತು ಉಳಿಸುವಿಕೆ" ಅಂತ ಒಂದು ಪ್ರಕರಣ ಇಡ್ತಾರೆ, ಹಳೇ ಕಾಯ್ದೆ ಕೆಳಗೆ ನಡೆದ ಕೆಲಸ, ಹುಟ್ಟಿದ ಹಕ್ಕು, ಬಿದ್ದ ಹೊಣೆ, ಅರ್ಧಕ್ಕೆ ನಿಂತ ವಿಚಾರಣೆ ಎಲ್ಲಾ ಮುಂದುವರಿಯುತ್ತೆ ಅನ್ನೋಕೆ. ಅಲ್ಲಿ ಏನಾದ್ರೂ ಬಿಟ್ಟುಹೋಗಿದ್ರೂ 1899ರ ಕರ್ನಾಟಕ ಜನರಲ್ ಕ್ಲಾಸಸ್ ಆಕ್ಟ್ ಇದೆ, ಕೇಂದ್ರದ ಕಾಯ್ದೆಗಳಿಗೆ 1897ರದ್ದು ಇದೆ, ಎರಡರಲ್ಲೂ 6ನೇ ಸೆಕ್ಷನ್ ಇದಕ್ಕೇ ಇರೋದು. ನೂರು ವರ್ಷಕ್ಕಿಂತ ಹಳೇ ನಿಯಮ ಇದು. ಬಿಬಿಎಂಪಿ ಇದ್ದಾಗ ಯಾರೋ ಒಬ್ಬ ಇಂಜಿನಿಯರ್ ಆಗದೇ ಇರೋ ಕೆಲಸಕ್ಕೆ ಎಂ.ಬಿ. (ಕೆಲಸದ ಅಳತೆ ಬರೆಯೋ ಪುಸ್ತಕ) ಬರೆದು ಬಿಲ್ ಪಾಸ್ ಮಾಡಿಸಿದ್ರೆ, ಆ ಎಂ.ಬಿ. ಮೇಲಿರೋ ಸಹಿ ಇವತ್ತಿಗೂ ಅವನದ್ದೇ. ಲೋಕಾಯುಕ್ತಕ್ಕೆ ದೂರು ಹೋಗಿದ್ರೆ ಅದೂ ಅಲ್ಲೇ ಇರುತ್ತೆ.

ಕಾನೂನಲ್ಲಿ ಇಷ್ಟು ಸ್ಪಷ್ಟವಾಗಿದ್ರೂ ನಿಮ್ಮನ್ನ ಅಲೆದಾಡಿಸೋಕೆ ಹೇಗೆ ಸಾಧ್ಯ ಆಗ್ತಿದೆ ಅನ್ನೋದು ನನ್ನ ಪ್ರಕಾರ ನಿಮ್ಮ ಪತ್ರದ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದ್ರೆ ಹೊಸ ಕಾಯ್ದೆ ಒಳಗೆ ಏನಿದೆ ಅಂತ ನೋಡೋದರ ಜೊತೆಗೆ ಹಳೇದು ಹೋಗಿ ಹೊಸದು ಕೂರೋ ತನಕ ನಡುವೆ ಏನಾಗುತ್ತೆ ಅಂತ ನೋಡ್ಬೇಕು. ನಮ್ಮ ರಾಜ್ಯದಲ್ಲಿ ಹೊಣೆ ಕಳೆದುಹೋಗೋದು ಆ ಗ್ಯಾಪಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗ್ತೀನಿ, ನಿಮಗೆ ಇದು ನೆನಪಿರುತ್ತೆ. 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಇದ್ದಾಗ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಕಾಯ್ದೆ ತಂದ್ರು. ಹಳ್ಳಿಹಳ್ಳೀಲಿ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಅನ್ನಿಸ್ಕೊಂಡ ಮನುಷ್ಯ. ಆ ಕಾಯ್ದೆ ಕೆಳಗೆ 1987ರ ಜನವರೀಲಿ ಚುನಾವಣೆ ಆಯ್ತು, ಹೆಣ್ಮಕ್ಕಳಿಗೆ ಶೇಕಡ 25 ಮೀಸಲಾತಿ, ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ನನಗೆ ಮುಖ್ಯ ಅನ್ಸೋದು ಇನ್ನೊಂದು ವಿಷಯ. ಪರಿಷತ್ತಿಗೆ ಮುಖ್ಯ ಕಾರ್ಯದರ್ಶಿ ಅಂತ ಕೂತ ಐಎಎಸ್ ಅಧಿಕಾರಿ ಜಿಲ್ಲಾಧಿಕಾರಿಗಿಂತ ಸೀನಿಯರ್ ಆಗಿರ್ತಿದ್ರು, ಮತ್ತು ಅವರು ಚುನಾಯಿತ ಅಧ್ಯಕ್ಷರ ಕೈಕೆಳಗೆ ಕೆಲಸ ಮಾಡ್ಬೇಕಿತ್ತು. ಅಂದ್ರೆ ಜಿಲ್ಲೇಲಿ ಸ್ಕೂಲಿಗೆ ಮೇಷ್ಟ್ರಿಲ್ಲ, ಆಸ್ಪತ್ರೇಲಿ ಡಾಕ್ಟ್ರಿಲ್ಲ ಅಂದ್ರೆ ಯಾರನ್ನ ಕೇಳ್ಬೇಕು ಅನ್ನೋದು ಜನಕ್ಕೆ ಗೊತ್ತಿತ್ತು, ಆ ಕೇಳಿಸ್ಕೊಂಡ ಅಧ್ಯಕ್ಷರು ತಮ್ಮ ಅಧಿಕಾರಿನ ಕೂರಿಸಿಕೊಂಡು ಕೇಳೋ ಹಾಗಿತ್ತು.

ಆಮೇಲೆ ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ ಬಂತು, ಅದಕ್ಕೆ ಹೊಂದೋ ಹಾಗೆ 1993ರ ಪಂಚಾಯತ್ ರಾಜ್ ಕಾಯ್ದೆ ಬಂದು 1983ರದ್ದು ಹೋಯ್ತು. ಹೊಸ ಕಾಯ್ದೆ ಕೊಟ್ಟಿದ್ದು ಕಮ್ಮಿ ಏನಲ್ಲ: ರಾಜ್ಯ ಚುನಾವಣಾ ಆಯೋಗ, ಹಣಕಾಸು ಆಯೋಗ, ಹೆಣ್ಮಕ್ಕಳಿಗೆ ಮೂರನೇ ಒಂದು ಭಾಗ ಸೀಟು, ತಾಲ್ಲೂಕು ಮಟ್ಟದಲ್ಲೂ ಚುನಾವಣೆ. ಆದ್ರೆ ಜಿಲ್ಲಾ ಪಂಚಾಯಿತಿ ಅಧ್ಯಕ್ಷರ ಕೈಲಿದ್ದ ಹಿಡಿತ ಸಡಿಲ ಆಯ್ತು, ಮುಖ್ಯ ಕಾರ್ಯದರ್ಶಿ ಜಾಗಕ್ಕೆ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಬಂದ್ರು, ಅಧಿಕಾರಿಗಳು ಮತ್ತೆ ಬೆಂಗಳೂರಿನ ಕಡೆ ಮುಖ ಮಾಡಿ ಕೂತ್ರು. ಇದರ ಜೊತೆಗೆ ನಡುವಿನ ಕಾಲ ನೋಡಿ. 1992ರಲ್ಲಿ ಜಿಲ್ಲಾ ಪರಿಷತ್ತುಗಳ ಅವಧಿ ಮುಗೀತು, ಚುನಾಯಿತರ ಜಾಗಕ್ಕೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಬಂದ್ರು, ಗ್ರಾಮ ಪಂಚಾಯಿತಿ ಚುನಾವಣೆ ಆಗಿದ್ದು 1993ರ ಡಿಸೆಂಬರ್‌ನಲ್ಲಿ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳದ್ದು 1995ರಲ್ಲಿ. ಅಷ್ಟೂ ದಿನ ಜಿಲ್ಲೇಲಿ ಖರ್ಚಾದ ದುಡ್ಡಿಗೆ ಓಟು ಹಾಕಿದೋರ ಕಡೆಯಿಂದ ಲೆಕ್ಕ ಕೇಳೋಕೆ ಒಬ್ಬ ಚುನಾಯಿತ ಸದಸ್ಯನೂ ಜಿಲ್ಲಾ ಮಟ್ಟದಲ್ಲಿ ಇರಲಿಲ್ಲ.

ಇದೇ ಬೆಂಗಳೂರಲ್ಲೂ ಆಯ್ತು, ಎರಡು ಸಲ. ಮಹಾನಗರ ಪಾಲಿಕೆ ಕೌನ್ಸಿಲ್ ಅವಧಿ 2006ರಲ್ಲಿ ಮುಗೀತು, 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದ್ರು, ಚುನಾವಣೆ ಆಗಿದ್ದು 2010ರ ಮಾರ್ಚ್‌ನಲ್ಲಿ. ಎರಡನೇ ಸಲದ್ದು ನಿಮ್ಮ ಕಣ್ಮುಂದೆನೇ ನಡೆದಿದ್ದು. 2015ರಲ್ಲಿ ಆರಿಸಿಬಂದ ಕೌನ್ಸಿಲ್ 2020ರ ಸೆಪ್ಟೆಂಬರ್ 10ಕ್ಕೆ ಮುಗೀತು. ಇದ್ದ 198 ವಾರ್ಡ್ ಮೇಲೇ ಚುನಾವಣೆ ಮಾಡಿ ಅಂತ ಹೈಕೋರ್ಟ್ ಅದೇ ಡಿಸೆಂಬರ್‌ನಲ್ಲಿ ಹೇಳ್ತು, ಸುಪ್ರೀಂ ಕೋರ್ಟ್ ಅದೇ ತಿಂಗಳು ಅದಕ್ಕೆ ತಡೆ ಕೊಡ್ತು. ಅಷ್ಟರಲ್ಲಿ ಬಿಬಿಎಂಪಿ ಕಾಯ್ದೆ 2020 ಪಾಸಾಗಿ 2021ರ ಜನವರೀಲಿ ಜಾರಿಗೆ ಬಂತು, ವಾರ್ಡ್ 243 ಆದ್ವು, ಸರ್ಕಾರ ಬದಲಾದ ಮೇಲೆ 225 ಆದ್ವು, ಆಮೇಲೆ ಆ ಕಾಯ್ದೆನೂ ಬೇಡ ಅಂತ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ತಂದು 2025ರ ಮೇ 15ಕ್ಕೆ ಜಾರಿ ಮಾಡಿದ್ರು, ಸೆಪ್ಟೆಂಬರ್ 2ಕ್ಕೆ ಐದು ಪಾಲಿಕೆ ಹುಟ್ಟಿದ್ವು. 2020ರ ಸೆಪ್ಟೆಂಬರ್‌ನಿಂದ 2025ರ ಸೆಪ್ಟೆಂಬರ್, ಒಂದು ಕೌನ್ಸಿಲ್‌ನ ಪೂರ್ತಿ ಅವಧಿ ಹೋಯ್ತು. ಬಿಬಿಎಂಪಿ ಕಾಯ್ದೆ ಹುಟ್ಟಿ, ಬದುಕಿ, ರದ್ದಾಯ್ತು, ಅದರ ಕೆಳಗೆ ಒಂದೇ ಒಂದು ಚುನಾವಣೆನೂ ಆಗಲಿಲ್ಲ. ಸಂವಿಧಾನದ 243ಯು ವಿಧಿ ಅವಧಿ ಮುಗಿಯೋ ಮುಂಚೆನೇ ಚುನಾವಣೆ ಮುಗಿಸಿರ್ಬೇಕು ಅನ್ನುತ್ತೆ. 2006ರಲ್ಲಿ ಅಹಮದಾಬಾದ್ ಪಾಲಿಕೆ ಕೇಸಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಒತ್ತಿ ಹೇಳಿದೆ. ಆದ್ರೂ ಹೀಗಾಯ್ತು.

ಈ ಐದು ವರ್ಷದಲ್ಲಿ ಆಫೀಸ್ ಒಳಗೆ ಏನು ಬದಲಾಯ್ತು ಅಂತ ಹತ್ತಿರದಿಂದ ನೋಡಿ. ಒಂದು ರಸ್ತೆ ಕೆಲಸ ಆದ್ಮೇಲೆ ಎಇ (ಸಹಾಯಕ ಇಂಜಿನಿಯರ್) ಜಾಗಕ್ಕೆ ಹೋಗಿ ಅಳತೆ ಬರ್ಕೊಳ್ತಾರೆ, ಅವರ ಮೇಲಿನ ಎಇಇ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಚೆಕ್ ಮಾಡ್ತಾರೆ, ಅವರಿಗೂ ಮೇಲಿನ ಇಇ (ಕಾರ್ಯಪಾಲಕ ಇಂಜಿನಿಯರ್) ಸಹಿ ಹಾಕ್ತಾರೆ, ಬಿಲ್ ಹೋಗುತ್ತೆ. ಈ ಸಾಲಲ್ಲಿರೋರೆಲ್ಲ ಅಧಿಕಾರಿಗಳು. ಕೌನ್ಸಿಲ್ ಇದ್ದಾಗ ಇದರ ಹೊರಗೆ ಇನ್ನೊಂದು ಕಣ್ಣು ಇತ್ತು: ಲೆಕ್ಕಪತ್ರದ ಸ್ಥಾಯಿ ಸಮಿತಿ ಫೈಲ್ ತರಿಸ್ತಿತ್ತು, ಕೌನ್ಸಿಲ್ ಸಭೇಲಿ ವಿರೋಧ ಪಕ್ಷದ ಸದಸ್ಯ ಎದ್ದು ನಿಂತು "ಈ ಜಾಬ್ ನಂಬರ್ ಕೆಲಸ ಎಲ್ಲಿ ಆಗಿದೆ ತೋರಿಸಿ" ಅಂತಿದ್ದ (ಜಾಬ್ ನಂಬರ್ ಅಂದ್ರೆ ಒಂದೊಂದು ಕಾಮಗಾರಿಗೂ ಕೊಡೋ ಗುರುತಿನ ನಂಬರ್), ಕಮಿಷನರ್ ಅಲ್ಲೇ ಉತ್ತರ ಕೊಡ್ಬೇಕಿತ್ತು, ಪತ್ರಕರ್ತರು ಗ್ಯಾಲರೀಲಿ ಕೂತು ಬರ್ಕೊಳ್ತಿದ್ರು. ಕಾರ್ಪೊರೇಟರುಗಳೆಲ್ಲ ಸತ್ಯವಂತರು ಅಂತ ನಾನು ಹೇಳ್ತಿಲ್ಲ, ಕಂಟ್ರಾಕ್ಟರ್ ಜೊತೆ ಕೈಜೋಡಿಸಿದೋರೂ ಇದ್ರು. ಆದ್ರೆ ಅವರಲ್ಲೇ ಒಬ್ಬರ ಮೇಲೆ ಒಬ್ಬರು ಕಣ್ಣಿಟ್ಟಿರ್ತಿದ್ರು, ಅದು ಜನಕ್ಕೆ ಲಾಭ. ಕೌನ್ಸಿಲ್ ಹೋದ್ಮೇಲೆ ಕಮಿಷನರ್ ಕಳಿಸಿದ ಕಡತಕ್ಕೆ ಒಪ್ಪಿಗೆ ಕೊಡೋರು ಆಡಳಿತಾಧಿಕಾರಿ, ಇಬ್ಬರನ್ನೂ ನೇಮಿಸೋದು ಒಂದೇ ಸರ್ಕಾರ. 2025ರ ಬಿಬಿಎಂಪಿ ಬಜೆಟ್ 19 ಸಾವಿರ ಕೋಟಿ ದಾಟಿತ್ತು. ಅಷ್ಟು ದುಡ್ಡಿನ ಬಜೆಟ್ಟನ್ನ ಚುನಾಯಿತ ಸದಸ್ಯರ ಮುಂದೆ ಒಂದು ದಿನನೂ ಚರ್ಚೆಗಿಡದೆ ಅಂಗೀಕಾರ ಮಾಡಿದ್ರಲ್ಲ, ಇದು ನನಗೆ ಇವತ್ತಿಗೂ ಹೊಟ್ಟೆ ಉರಿಸೋ ವಿಷಯ.

ಹೊಸ ಕಾಯ್ದೆ ಬಗ್ಗೆನೂ ಹೇಳ್ಬೇಕು. ಐದು ಪಾಲಿಕೆ ಮಾಡಿರೋದನ್ನ ನಾನು ವಿರೋಧ ಮಾಡಲ್ಲ, ಇಷ್ಟು ದೊಡ್ಡ ಊರಿಗೆ ಒಂದೇ ಆಫೀಸ್ ಸಾಲ್ತಿರಲಿಲ್ಲ, ಮೇಯರ್ ಅವಧಿ ಒಂದು ವರ್ಷದಿಂದ 30 ತಿಂಗಳಿಗೆ ಏರಿದ್ದೂ ಒಳ್ಳೇದು (ಇದು 2020ರ ಕಾಯ್ದೇಲೇ ಬಂದಿತ್ತು, ಚುನಾವಣೆ ಆಗದೆ ಯಾರಿಗೂ ಸಿಗಲಿಲ್ಲ ಅಷ್ಟೇ). ನೀರಿಗೆ ಜಲಮಂಡಳಿ, ಕರೆಂಟಿಗೆ ಬೆಸ್ಕಾಂ, ಲೇಔಟಿಗೆ ಬಿಡಿಎ, ಬಸ್ಸಿಗೆ ಬಿಎಂಟಿಸಿ ಅಂತ ಹಂಚಿಹೋಗಿರೋದನ್ನ ಒಂದು ಟೇಬಲ್ ಸುತ್ತ ಕೂರಿಸೋ ಉದ್ದೇಶಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಆ ಉದ್ದೇಶಾನೂ ಸರಿ. ನನ್ನ ತಕರಾರು ಆ ಟೇಬಲ್‌ನ ತಲೆಕಡೆ ಕುರ್ಚಿ ಬಗ್ಗೆ. ಅಧ್ಯಕ್ಷರು ಮುಖ್ಯಮಂತ್ರಿ. ಬೀದರ್‌ನಿಂದ ಚಾಮರಾಜನಗರದ ತನಕ ಇಡೀ ರಾಜ್ಯಕ್ಕೆ ಉತ್ತರ ಕೊಡ್ಬೇಕಾದವರು ಅವರು, ನಿಮ್ಮ ಬೀದಿ ಚರಂಡಿ ವಿಷಯಕ್ಕೆ ಅವರನ್ನ ಓಟಲ್ಲಿ ಹಿಡಿಯೋಕೆ ನಿಮ್ಮಿಂದ ಆಗಲ್ಲ. ಸಂವಿಧಾನದ 243ಝಡ್‌ಇ ವಿಧಿ ಮಹಾನಗರ ಯೋಜನಾ ಸಮಿತೀಲಿ ಕನಿಷ್ಠ ಮೂರನೇ ಎರಡು ಭಾಗ ಸದಸ್ಯರು ಸ್ಥಳೀಯ ಸಂಸ್ಥೆಗಳಿಂದಲೇ ಆರಿಸಿಬರ್ಬೇಕು ಅನ್ನುತ್ತೆ. ಊರಿನ ಭವಿಷ್ಯ ಊರಿನವರು ಆರಿಸಿದವರ ಕೈಲಿರ್ಲಿ ಅನ್ನೋ ಆಸೆ ಅದರಲ್ಲಿದೆ. ಹೊಸ ಕಾಯ್ದೆ ಆ ದಾರಿ ಬಿಟ್ಟು ಅಧಿಕಾರಾನ ಮೇಲಕ್ಕೆ ಎತ್ತಿ ಇಟ್ಟಿದೆ. ಪಾಲಿಕೆಗಳ ಮೇಯರ್‌ಗಳು ಅದರಲ್ಲಿ ಸದಸ್ಯರಷ್ಟೇ.

ಹಾಗಂತ "ಹೊಸ ಕಾಯ್ದೆ ಯಾಕೆ" ಅನ್ನೋ ನಿಮ್ಮ ಮಾತನ್ನ ನಾನು ಪೂರ್ತಿ ಒಪ್ಪಲ್ಲ. ಹಳೇದನ್ನ ತೆಗೆದು ಹೊಸದು ತಂದು ನಿಜವಾಗ್ಲೂ ಒಳ್ಳೇದಾಗಿರೋ ಉದಾಹರಣೆ ನಮ್ಮಲ್ಲೇ ಇದೆ. ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು, ದೇಶದಲ್ಲೇ ಮುಂಚೆ ಮಾಡಿದ ಕೆಲವೇ ರಾಜ್ಯಗಳಲ್ಲಿ ನಮ್ಮದೂ ಒಂದು. 2005ರ ಕೇಂದ್ರ ಕಾಯ್ದೆ ಬಂದು ಆ ಜಾಗ ತಗೊಳ್ತು, ಮತ್ತು ಅದು ಎಷ್ಟೋ ಪಾಲು ಗಟ್ಟಿ, ಯಾಕಂದ್ರೆ ಅದರಲ್ಲಿ ಮೂರು ವಿಷಯ ಕೂಡಿಬಂದಿವೆ: 30 ದಿನದ ಗಡುವು, ಉತ್ತರ ಕೊಡ್ಬೇಕಾದ ಒಬ್ಬ ನಿರ್ದಿಷ್ಟ ಅಧಿಕಾರಿ, ಕೊಡದಿದ್ರೆ ದಿನಕ್ಕೆ 250 ರೂಪಾಯಿಯಂತೆ 25 ಸಾವಿರದ ತನಕ ಆ ಅಧಿಕಾರಿಗೇ ದಂಡ ಹಾಕೋ ಪ್ರತ್ಯೇಕ ಆಯೋಗ. ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಅನ್ನೋ ನಮ್ಮ ಸಕಾಲ ಕಾಯ್ದೆನೂ (2011) ಅದೇ ಜಾಡು. ಅರ್ಜಿ ಕೊಟ್ಟ ತಕ್ಷಣ ಜಿಎಸ್‌ಸಿ ನಂಬರ್ (ಆ ಅರ್ಜಿಯ ಗುರುತಿನ ನಂಬರ್) ಇರೋ ಸ್ವೀಕೃತಿ ಕೈಗೆ ಬರುತ್ತೆ, ತಡ ಆದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ರೂಪಾಯಿ ಪರಿಹಾರ. ದುಡ್ಡು ಸಣ್ಣದು, ಆದ್ರೆ ಆ ನಂಬರ್ ಇದ್ರೆ "ನಿಮ್ಮ ಅರ್ಜಿ ನಮಗೆ ಬಂದೇ ಇಲ್ಲ" ಅನ್ನೋಕೆ ಯಾರಿಗೂ ಆಗಲ್ಲ. ಗ್ರೇಟರ್ ಬೆಂಗಳೂರು ಕಾಯ್ದೆನ ನಾನು ಅಳೆಯೋದೂ ಇದರಲ್ಲೇ: ಯಾವ ಕೆಲಸಕ್ಕೆ ಯಾರ ಹೆಸರು, ಯಾವ ತಾರೀಕು, ಮಾಡದಿದ್ರೆ ಅವರಿಗೇನು. ಚರಂಡಿ, ಕಸ, ಬೀದಿದೀಪದ ವಿಷಯದಲ್ಲಿ ಈ ಮೂರಕ್ಕೂ ಒಟ್ಟಿಗೆ ಉತ್ತರ ಸಿಗೋ ದಿನ ಇನ್ನೂ ಬಂದಿಲ್ಲ.

ಜಿಲ್ಲಾ, ತಾಲ್ಲೂಕು ಪಂಚಾಯಿತಿ ಕಥೆನೂ ಬೇರೆ ಇಲ್ಲ. 2021ರಲ್ಲಿ ಅವಧಿ ಮುಗೀತು, ಕಾಯ್ದೆ ತಿದ್ದಿ ಕ್ಷೇತ್ರ ವಿಂಗಡಣೆ ಕೆಲಸನ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ರು, ವರ್ಷಗಟ್ಟಲೆ ಚುನಾವಣೆ ಇಲ್ಲ. ಹಳ್ಳಿ ಕಡೆ ಓದುಗರು ಇದು ಬೆಂಗಳೂರಿನ ಗೋಳು ಅಂತ ಪುಟ ತಿರುಗಿಸ್ಬೇಡಿ.

ಸ್ಥಳೀಯ ಸಂಸ್ಥೆಯ ಕಾಯ್ದೆ ಬದಲಾಯಿಸೋ ಯಾವ ಸರ್ಕಾರ ಆದ್ರೂ ಮೊದಲು ಇರೋ ವಾರ್ಡ್, ಇರೋ ಕ್ಷೇತ್ರದ ಮೇಲೆ ಚುನಾವಣೆ ಮುಗಿಸ್ಬೇಕು, ಗೆದ್ದು ಬಂದೋರ ಮುಂದೆ ಹೊಸ ಕಾಯ್ದೆ ಕರಡು ಇಡ್ಬೇಕು, ಹೊಸ ವಿಂಗಡಣೆ ಮುಂದಿನ ಚುನಾವಣೆಗೆ ಅನ್ವಯ ಆಗ್ಲಿ. ಇದಕ್ಕೆ ಆಡಳಿತ ಪಕ್ಷ, ವಿರೋಧ ಪಕ್ಷ ಅನ್ನೋ ಭೇದ ಇಲ್ಲ ಮೇಷ್ಟ್ರೇ, ಬಿಬಿಎಂಪಿ ಕಾಯ್ದೆ ತಂದೋರು ಬಿಜೆಪಿಯವರು, ಅದನ್ನ ತೆಗೆದೋರು ಕಾಂಗ್ರೆಸ್‌ನವರು, ಚುನಾವಣೆ ಮುಂದಕ್ಕೆ ಹೋಗಿದ್ದು ಇಬ್ಬರ ಕಾಲದಲ್ಲೂ.

ಈಗ ನಿಮ್ಮ ಅರ್ಜಿ ವಿಷಯಕ್ಕೆ ಬರ್ತೀನಿ. ಮತ್ತೆ ಆಫೀಸಿಗೆ ಅಲೀಬೇಡಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ನಿಮ್ಮ ಹಳೇ ಅರ್ಜಿಯ ತಾರೀಕು ಬರೆದು, ಅದರ ಮೇಲೆ ಯಾರು ಯಾವತ್ತು ಏನು ಷರಾ ಬರೆದ್ರು, ಆ ಕಾಮಗಾರಿಯ ಜಾಬ್ ನಂಬರ್ ಏನು, ಎಂ.ಬಿ. ಪುಟಗಳ ಪ್ರತಿ, ಬಿಲ್ ಪಾವತಿ ತಾರೀಕು, ದೋಷ ಹೊಣೆಗಾರಿಕೆ ಅವಧಿ (ಕೆಲಸ ಕೆಟ್ರೆ ಕಂಟ್ರಾಕ್ಟರೇ ಸರಿ ಮಾಡ್ಕೊಡ್ಬೇಕಾದ ಅವಧಿ) ಯಾವಾಗ ಮುಗಿಯುತ್ತೆ, ಇಷ್ಟು ಕೇಳಿ. "ಯಾಕೆ ಮಾಡಿಲ್ಲ" ಅಂತ ಕೇಳ್ಬೇಡಿ, ದಾಖಲೆ ಕೇಳಿ. ಫೈಲ್ ಬೇರೆ ಪಾಲಿಕೆಗೆ ಹೋಗಿದೆ ಅಂದ್ರೆ ಮಾಹಿತಿ ಹಕ್ಕು ಕಾಯ್ದೆಯ 6(3)ನೇ ಸೆಕ್ಷನ್ ಪ್ರಕಾರ ನಿಮ್ಮ ಅರ್ಜಿನ ಐದು ದಿನದೊಳಗೆ ಅಲ್ಲಿಗೆ ಕಳಿಸೋದು ಅವರ ಕೆಲಸ, ಅದನ್ನ ಅರ್ಜೀಲೇ ಒಂದು ಸಾಲು ಬರೆದುಬಿಡಿ. 30 ದಿನ ಆದ್ರೂ ಉತ್ತರ ಬರದಿದ್ರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಸ್ಪೀಡ್ ಪೋಸ್ಟ್ ರಸೀದಿ ಜೋಪಾನ. ಏನು ಉತ್ತರ ಬಂತೋ ಅದರ ಒಂದು ಪ್ರತಿ ನಮಗೂ ಕಳಿಸಿ, ಓದುಗರ ಪುಟದಲ್ಲಿ ಹಾಗೇ ಅಚ್ಚು ಹಾಕ್ತೀವಿ.

— ಸಂಪಾದಕ