ದೇಶಕ್ಕಾಗಿ ರಗ್ಬಿ ಆಡಿ, ಆಮೇಲೆ ಕೋಚ್ ಆಗಿಯೂ ಗೆದ್ದವರು ಇದ್ದಾರಾ?

ಒಳ್ಳೆ ಆಟಗಾರ ಒಳ್ಳೆ ಕೋಚ್ ಆಗೋದು ಅಪರೂಪ ಅಂತಾರಲ್ಲ, ರಗ್ಬಿಯಲ್ಲೂ ಹಾಗೇನಾ ಎಂದು ಕೇಳಿದ್ದೀರಿ. ನನಗೆ ತಕ್ಷಣ ನೆನಪಾಗುವುದು ದಕ್ಷಿಣ ಆಫ್ರಿಕಾದ ರಾಸಿ ಎರಾಸ್ಮಸ್.

1997ರಿಂದ 2001ರವರೆಗೆ ಸ್ಪ್ರಿಂಗ್‌ಬಾಕ್, ಅಂದರೆ ದೇಶದ ತಂಡಕ್ಕೆ 36 ಟೆಸ್ಟ್ (ಅಂತರರಾಷ್ಟ್ರೀಯ ಪಂದ್ಯ) ಆಡಿದವರು. ಫ್ಲ್ಯಾಂಕರ್, ಅಂದರೆ ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿಗೆ ಮೊದಲು ನುಗ್ಗಬೇಕಾದವರು. ಆಟಗಾರನಾಗಿ ಒಳ್ಳೆಯವರೇ. ಆದರೆ ಹೆಸರು ಉಳಿಯುವುದು ಕೋಚಿಂಗ್‌ನಿಂದ.

ಶುರು ಮಾಡಿದ್ದು ಬ್ಲೂಮ್‌ಫಾಂಟೇನ್‌ನ ಚೀತಾಸ್ ತಂಡದಲ್ಲಿ. 2005ರಲ್ಲಿ ದೇಶದೊಳಗಿನ ಟೂರ್ನಿಯಾದ ಕರಿ ಕಪ್ ಗೆಲ್ಲಿಸಿದರು. ಆ ಕಾಲದಲ್ಲಿ ಕ್ರೀಡಾಂಗಣದ ಮೇಲಿನಿಂದ ಬಣ್ಣದ ಲೈಟ್ ಹಾಕಿ ಆಟಗಾರರಿಗೆ ಸೂಚನೆ ಕೊಡುತ್ತಿದ್ದರು. ಜನ ನಕ್ಕರು. ನಗಲಿ ಬಿಡಿ, ತಲೆ ಹೇಗೆ ಓಡುತ್ತದೆ ಅನ್ನೋದು ಆಗಲೇ ಗೊತ್ತಾಗಿತ್ತು.

2018ರಲ್ಲಿ ದೇಶದ ತಂಡ ಕೈಗೆ ಬಂದಾಗ ಅದರ ಸ್ಥಿತಿ ಚೆನ್ನಾಗಿರಲಿಲ್ಲ. ಹಿಂದಿನ ವರ್ಷ ನ್ಯೂಜಿಲೆಂಡ್ ಕೈಯಲ್ಲಿ 57-0 ಸೋತಿತ್ತು. ಎರಾಸ್ಮಸ್ ಸಿಯಾ ಕೊಲಿಸಿಯನ್ನು ನಾಯಕ ಮಾಡಿದರು. ಟೆಸ್ಟ್ ತಂಡಕ್ಕೆ ಮೊದಲ ಕಪ್ಪು ನಾಯಕ. 2019ರ ವಿಶ್ವಕಪ್‌ನಲ್ಲಿ ಮೊದಲ ಪಂದ್ಯವನ್ನೇ ನ್ಯೂಜಿಲೆಂಡ್‌ಗೆ ಸೋತರು. ಆದರೂ ಯೊಕೊಹಾಮಾದ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 32-12 ಗೆಲುವು.

ನನಗೆ ಜಾಸ್ತಿ ಇಷ್ಟವಾಗುವುದು ಅವರ ಬೆಂಚ್ ಲೆಕ್ಕ. ರಗ್ಬಿಯಲ್ಲಿ 15 ಜನ ಆಡುತ್ತಾರೆ, 8 ಜನ ಹೊರಗೆ ಕಾಯುತ್ತಾರೆ. ಸಾಮಾನ್ಯವಾಗಿ ಅದರಲ್ಲಿ 5 ಫಾರ್ವರ್ಡ್ (ಮುಂದಿನ ಸಾಲಿನಲ್ಲಿ ತಳ್ಳಾಡುವ ಬಲಶಾಲಿಗಳು), 3 ಬ್ಯಾಕ್ (ಹಿಂದಿನಿಂದ ಚೆಂಡು ಹಿಡಿದು ಓಡುವವರು). ಸ್ಕ್ರಮ್‌ನಲ್ಲಿ, ಅಂದರೆ ಎರಡೂ ತಂಡಗಳ ಫಾರ್ವರ್ಡ್‌ಗಳು ಚೆಂಡಿಗಾಗಿ ಎದುರುಬದುರು ತಳ್ಳಾಡುವಾಗ, ತಳ್ಳಿ ತಳ್ಳಿ ಫಾರ್ವರ್ಡ್‌ಗಳೇ ಮೊದಲು ಸುಸ್ತಾಗುತ್ತಾರೆ, ಅಲ್ವಾ? ಹಾಗಾಗಿ ಇವರು 6-2 ಮಾಡಿದರು. ಎದುರಾಳಿ ಏದುಸಿರು ಬಿಡುವ ಹೊತ್ತಿಗೆ ದಣಿಯದ ದೈತ್ಯರು ಒಬ್ಬರ ಹಿಂದೊಬ್ಬರು ಒಳಗೆ ಬರುತ್ತಿದ್ದರು. ಆ ಗುಂಪಿಗೆ 'ಬಾಂಬ್ ಸ್ಕ್ವಾಡ್' ಎಂಬ ಹೆಸರೇ ಬಿತ್ತು. ಬೆಂಚ್ ಮೇಲೆ ಕೂರುವುದು ಅವಮಾನ ಅನ್ನೋ ಭಾವನೆ ತಂಡದಲ್ಲಿ ಹೋಯಿತು. ಆ ಬೆಂಚ್ ನೋವನ್ನು ಬಲ್ಲ ಆಟಗಾರನಿಗೇ ಇದು ಹೊಳೆಯೋದು ಅನಿಸುತ್ತದೆ.

ಹಾಗಂತ ಸಾಧು ಮನುಷ್ಯ ಏನಲ್ಲ. 2021ರಲ್ಲಿ ಬ್ರಿಟನ್-ಐರ್ಲೆಂಡ್ ಆಟಗಾರರ ಜಂಟಿ ತಂಡ ಲಯನ್ಸ್ ವಿರುದ್ಧದ ಸರಣಿಯಲ್ಲಿ ರೆಫರಿ ತಪ್ಪುಗಳನ್ನು ಪಟ್ಟಿ ಮಾಡಿ ಒಂದು ಗಂಟೆಗೂ ಮೀರಿದ ವಿಡಿಯೊ ಮಾಡಿದರು. ಅದು ಹೊರಬಂದು ನಿಷೇಧ ಅನುಭವಿಸಿದರು. ಶಿಕ್ಷೆ ಸರಿಯೇ ಇತ್ತು ಎಂದು ನನ್ನ ಅಭಿಪ್ರಾಯ.

2023ರಲ್ಲಿ ಮುಖ್ಯ ಕೋಚ್ ಜಾಕ್ ನೀನಾಬರ್, ಎರಾಸ್ಮಸ್ ರಗ್ಬಿ ನಿರ್ದೇಶಕ. ಮತ್ತೆ ವಿಶ್ವಕಪ್. ನೀವು ಒಂದೇ ಪಂದ್ಯ ನೋಡುವುದಾದರೆ ಪ್ಯಾರಿಸ್‌ನ ಆ ಫೈನಲ್ ನೋಡಿ. ಬೆಂಚ್ ಮೇಲೆ 7 ಫಾರ್ವರ್ಡ್, ಒಬ್ಬನೇ ಬ್ಯಾಕ್. ಅಷ್ಟಿದ್ದರೂ ಶುರುವಿನಲ್ಲೇ ಹುಕರ್ (ಸ್ಕ್ರಮ್‌ನ ಮುಂಸಾಲಿನ ನಡುವೆ ನಿಲ್ಲುವವರು) ಬೊಂಗಿ ಎಂಬೊನಾಂಬಿ ಗಾಯಗೊಂಡು ಹೊರನಡೆದಾಗ, ಅವರ ಜಾಗಕ್ಕೆ ಬಂದ ಡಿಯಾನ್ ಫೂರಿ ಹೆಚ್ಚಾಗಿ ಫ್ಲ್ಯಾಂಕರ್ ಆಗಿ ಆಡುವವರು. ಉಳಿದ ಪಂದ್ಯವನ್ನೆಲ್ಲ ಹಾಗೇ ಎಳೆದುಕೊಂಡು ಹೋಗಿ, 12-11ರಲ್ಲಿ ಗೆದ್ದರು.