ಇಂಟೀರಿಯರ್ ಡಿಸೈನ್ ಪ್ರಾಜೆಕ್ಟ್‌ನಲ್ಲಿ ಪ್ರಕೃತಿ, ಜನರ ನೆಮ್ಮದಿ ಎರಡನ್ನೂ ತರುವುದು ಹೇಗೆ?

ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಜಾಸ್ತಿ ಕಾಣುವುದು ಒಂದು ಹಸಿರು ಗೋಡೆ, ನಾಲ್ಕು ಕುಂಡ. ಅಷ್ಟಕ್ಕೇ ನಿಲ್ಲಬೇಡಿ. ಮೊದಲು ಕಿಟಕಿ ನೋಡಿ, ಕೂತವರಿಗೆ ಅಲ್ಲಿಂದ ಏನು ಕಾಣುತ್ತದೆ? 1984ರಲ್ಲಿ ಸಂಶೋಧಕ ರೋಜರ್ ಉಲ್ರಿಚ್ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆ ಹಿಡಿದು ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಆಪರೇಷನ್ ಆದವರ ಪೈಕಿ ಕಿಟಕಿಯಾಚೆ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಜೋರಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಬೇಕಾಗಿತ್ತು. ಚಿಕ್ಕ ಅಧ್ಯಯನ, 46 ಜನ ಮಾತ್ರ. ಆದರೂ ಪ್ಲಾನ್ ಹಾಕುವಾಗ ನೆನಪಿಡಿ.

ಜನ ಸೇರುವ ಜಾಗಕ್ಕೆ ಬ್ರಿಟನ್ನಿನ ಮ್ಯಾಗೀಸ್ ಕೇಂದ್ರಗಳನ್ನು ನೋಡಿ. ಇವು ಕ್ಯಾನ್ಸರ್ ಇರುವವರಿಗೆ ಆಸರೆಯಾಗುವ ಕೇಂದ್ರಗಳು, ಮೊದಲನೆಯದು 1996ರಲ್ಲಿ ಎಡಿನ್‌ಬರೋದಲ್ಲಿ ಶುರುವಾಯಿತು. ಅಲ್ಲಿ ಅಡುಗೆಮನೆಯ ಮೇಜಿಗೇ ಮೊದಲ ಜಾಗ. ಬಂದವರು ಟೀ ಕುಡಿಯುತ್ತ ಪಕ್ಕದವರ ಜೊತೆ ಮಾತಾಡಬಹುದು, ಬೇಡ ಅನ್ನಿಸಿದರೆ ತೋಟ ನೋಡುತ್ತ ಸುಮ್ನೆ ಕೂರಬಹುದು. ಈ ಆಯ್ಕೆ ಇರುವುದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ನಮ್ಮ ತೊಟ್ಟಿ ಮನೆಗಳ ಜಗಲಿಯಲ್ಲೂ ಇದೇ ಅನುಕೂಲ ಇತ್ತು, ಅಲ್ವಾ? ನೀವು ಕರ್ನಾಟಕದಲ್ಲಿದ್ದರೆ ಅಂಥ ಒಂದು ಮನೆಗೆ ಹೋಗಿ ಅಳತೆ ತೆಗೆದುಕೊಳ್ಳಿ: ಜಗಲಿ ಎಷ್ಟು ಎತ್ತರ, ತೊಟ್ಟಿಯ ಬೆಳಕು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ, ವಯಸ್ಸಾದವರು ಎಲ್ಲಿ ಕೂರುತ್ತಾರೆ.

ಸಾಮಾನು ಹತ್ತಿರ ಸಿಗುವುದೇ ಇರಲಿ, ಬಿದಿರು, ಹೆಂಚು, ಕಲ್ಲು. ಗಿಡಗಳಿಗೆ ನೀರು ಯಾರು ಹಾಕುತ್ತಾರೆ ಅನ್ನುವುದನ್ನೂ ಡ್ರಾಯಿಂಗ್‌ನಲ್ಲೇ ಬರೆದುಬಿಡಿ.